ಮನೆಯಲ್ಲಿ ಡಿಟಿಎಫ್ ಟೀಶರ್ಟ್ ಮುದ್ರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಒಂದು ಕೋಣೆಯಲ್ಲಿ ಟೀಶರ್ಟ್ ಮುದ್ರಣ ಆರಂಭಿಸಬೇಕೆಂದಿರುವವರು ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತು ಸಂದೇಶಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತುಗಳಲ್ಲೇ ಇಲ್ಲಿ ಒಟ್ಟುಗೂಡಿಸಲಾಗಿದೆ. ಉತ್ತರಗಳಲ್ಲಿರುವ ಉಷ್ಣತೆ ಮತ್ತು ಸಮಯದ ಅಂಕಿಗಳು ಸಾಮಾನ್ಯ ಬಳಕೆಯ ಮಿತಿಗಳು. ನೀವು ಕೊಂಡ ಫಿಲ್ಮ್ ಅಥವಾ ಪೌಡರಿನ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಅನುಸರಿಸಬೇಕು.

## ಆರಂಭದ ಪ್ರಶ್ನೆಗಳು

ಡಿಟಿಎಫ್ ಅಂದರೆ ಏನು? ಟೀಶರ್ಟ್ ಮೇಲೆ ನೇರವಾಗಿ ಪ್ರಿಂಟ್ ಆಗುತ್ತದಾ?

ಡಿಟಿಎಫ್ ಅಂದರೆ ‘ಡೈರೆಕ್ಟ್ ಟು ಫಿಲ್ಮ್’, ಫಿಲ್ಮಿನ ಮೇಲೆ ನೇರ ಮುದ್ರಣ. ನೇರವಾಗಿ ಬಟ್ಟೆಯ ಮೇಲೆ ಆಗುವುದಿಲ್ಲ. ಚಿತ್ರವು ಮೊದಲು ಲೇಪನವಿರುವ ಪಿಇಟಿ ಎಂಬ ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಎಡ ಬಲ ಅದಲುಬದಲಾಗಿ ಮುದ್ರಣವಾಗುತ್ತದೆ. ಮೊದಲು ಬಣ್ಣಗಳು ಬೀಳುತ್ತವೆ, ಅವುಗಳ ಮೇಲೆ ಬಿಳಿ ಶಾಯಿಯ ಪದರ ಬೀಳುತ್ತದೆ. ಶಾಯಿ ಇನ್ನೂ ಹಸಿಯಾಗಿರುವಾಗಲೇ ಟಿಪಿಯು ಎಂಬ, ಬಿಸಿಗೆ ಕರಗಿ ಅಂಟಾಗುವ ಪುಡಿಯನ್ನು ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಉಳಿದದ್ದನ್ನು ಶಾಖಕ್ಕೆ ಹಿಡಿದು ಕರಗಿಸಲಾಗುತ್ತದೆ. ಈ ಫಿಲ್ಮನ್ನು ಬಟ್ಟೆಯ ಮೇಲೆ ಕವುಚಿ, ಬಿಸಿ ತಟ್ಟೆಯಿಂದ ಒತ್ತುವ ಹೀಟ್ ಪ್ರೆಸ್ ಯಂತ್ರದಲ್ಲಿ ಒತ್ತಿದಾಗ ಅಂಟು ನೂಲಿನ ಸಂದುಗಳಿಗೆ ಇಳಿಯುತ್ತದೆ, ಬಳಿಕ ಫಿಲ್ಮನ್ನು ಸುಲಿದು ತೆಗೆದರೆ ಚಿತ್ರ ಬಟ್ಟೆಯಲ್ಲಿ ಉಳಿಯುತ್ತದೆ. ಫಿಲ್ಮಿನ ಮೇಲೆ ತಳದಲ್ಲಿದ್ದ ಬಣ್ಣ ಬಟ್ಟೆಗೆ ಬಂದಾಗ ಮೇಲಾಗುತ್ತದೆ, ಬಿಳಿ ಅದರ ಅಡಿಗೆ ಹೋಗುತ್ತದೆ. ಕಪ್ಪು ಟೀಶರ್ಟಿನ ಮೇಲೂ ಹಳದಿಯು ಹಳದಿಯಾಗಿಯೇ ಕಾಣುವುದಕ್ಕೆ ಇದೇ ಕಾರಣ.

ಸ್ಕ್ರೀನ್ ಪ್ರಿಂಟಿಂಗ್ ಇದೆ, ಸಬ್ಲಿಮೇಶನ್ ಇದೆ, ಇದು ಇನ್ನೊಂದು ಯಾಕೆ?

ಬಣ್ಣವು ಶಾಖಕ್ಕೆ ಆವಿಯಾಗಿ ನೂಲಿಗೆ ಇಳಿಯುವ ಸಬ್ಲಿಮೇಶನ್ನಿಗೆ ಪಾಲಿಯೆಸ್ಟರ್ ಬಟ್ಟೆಯೇ ಬೇಕು, ಅದೂ ಬಿಳಿ ಅಥವಾ ತಿಳಿ ಬಣ್ಣದ್ದು. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಪ್ರತಿ ಬಣ್ಣಕ್ಕೂ ಒಂದು ಚೌಕಟ್ಟು ಸಿದ್ಧವಾಗಬೇಕಾದುದರಿಂದ, ನಾಲ್ಕು ಬಣ್ಣದ ಚಿತ್ರವನ್ನು ಐದೇ ಅಂಗಿಗೆ ಹಾಕಿಕೊಡಿ ಎಂದರೆ ಯಾರಿಗೂ ಗಿಟ್ಟುವುದಿಲ್ಲ. ಡಿಟಿಎಫ್ ನಿಲ್ಲುವುದು ಈ ತೆರಪಿನಲ್ಲಿ: ಒಂದೇ ಒಂದು ಅಂಗಿ, ಹತ್ತಾರು ಬಣ್ಣ, ಪ್ರತಿ ಬೆನ್ನಿಗೂ ಬೇರೆ ಹೆಸರು ಮತ್ತು ಸಂಖ್ಯೆ, ಹತ್ತಿಯಾಗಲಿ ಪಾಲಿಯೆಸ್ಟರಾಗಲಿ. ಆದರೆ ಒಂದೇ ಬಣ್ಣದ ಒಂದೇ ಚಿತ್ರವನ್ನು ಐನೂರು ಅಂಗಿಗೆ ಹಾಕುವ ಕೆಲಸ ಬಂದರೆ ಅದು ಇಂದಿಗೂ ಸ್ಕ್ರೀನ್ ಪ್ರಿಂಟಿಂಗಿನದೇ. ಅಂಥ ಕೆಲಸವನ್ನು ಊರಿನ ಸ್ಕ್ರೀನ್ ಪ್ರಿಂಟರ್ ಬಳಿಗೆ ಕಳುಹಿಸಿಕೊಡುವುದು ಗ್ರಾಹಕರಿಗೂ ನ್ಯಾಯ, ನಿಮಗೂ ಒಳ್ಳೆಯದು, ಏಕೆಂದರೆ ಅವರು ಸಣ್ಣ ಕೆಲಸಗಳನ್ನು ನಿಮ್ಮತ್ತ ಕಳುಹಿಸುತ್ತಾರೆ.

ಯಾವ ಯಾವ ಬಟ್ಟೆಗೆ ಹಾಕಬಹುದು? ರೇಷ್ಮೆ ಸೀರೆಗೂ ಆಗುತ್ತದಾ?

ಹತ್ತಿ, ಪಾಲಿಯೆಸ್ಟರ್, ಎರಡರ ಮಿಶ್ರಣ, ಡೆನಿಮ್, ಕ್ಯಾನ್ವಾಸ್ ಚೀಲ, ಖಾದಿ ಇವೆಲ್ಲಕ್ಕೂ ಚೆನ್ನಾಗಿ ಹಿಡಿಯುತ್ತದೆ. ಖಾದಿಯಂಥ ಉಬ್ಬುತಗ್ಗಿನ ನೇಯ್ಗೆಗೆ ಒತ್ತಡ ಸ್ವಲ್ಪ ಹೆಚ್ಚು ಬೇಕು. ನೀರು ಜಾರುವಂತೆ ಲೇಪನ ಮಾಡಿದ ರೇನ್‌ಕೋಟ್ ಮತ್ತು ಕೊಡೆಯ ಬಟ್ಟೆಗೆ ಸಾಧಾರಣ ಅಂಟು ನಿಲ್ಲುವುದಿಲ್ಲ. ರೇಷ್ಮೆ ಸೀರೆಗೆ ತಾಂತ್ರಿಕವಾಗಿ ಅಂಟಬಹುದಾದರೂ ಹಾಕಬಾರದು ಎಂಬುದೇ ನಮ್ಮ ಅಭಿಪ್ರಾಯ: ಅಷ್ಟು ಶಾಖ ಮತ್ತು ಒತ್ತಡಕ್ಕೆ ರೇಷ್ಮೆಯ ಹೊಳಪು ಕೆಡುತ್ತದೆ, ಮುದ್ರಣವಾದ ಭಾಗ ಬಿಗಿದುಕೊಂಡು ಸೀರೆ ಮೈಮೇಲೆ ಇಳಿಬೀಳುವ ಸೊಗಸು ಹಾಳಾಗುತ್ತದೆ.

ಎಷ್ಟು ಸಲ ಒಗೆದರೆ ಹೋಗುತ್ತದೆ ಎಂದು ಗ್ರಾಹಕರು ಕೇಳುತ್ತಾರೆ, ಏನು ಹೇಳಲಿ?

ಒಂದು ಸಂಖ್ಯೆಯನ್ನು ಭರವಸೆಯಾಗಿ ಕೊಡಬೇಡಿ. ಪೌಡರ್ ಸರಿಯಾಗಿ ಕರಗಿ, ಒತ್ತಡ ಸರಿಯಾಗಿ ಬಿದ್ದಿದ್ದರೆ ಚಿತ್ರವು ಅಂಗಿಯ ಬಹುಪಾಲು ಆಯುಷ್ಯದವರೆಗೆ ಬಾಳುತ್ತದೆ, ಒಂದು ಹಂತ ತಪ್ಪಿದ್ದರೆ ಎರಡನೆಯ ಒಗೆತಕ್ಕೇ ಅಂಚು ಏಳುತ್ತದೆ. ಅದಕ್ಕಿಂತ ಮುಖ್ಯವಾದದ್ದು ಒಗೆಯುವ ಕ್ರಮ. ಪರದೇಶದ ತಯಾರಕರ ಸೂಚನಾ ಚೀಟಿಗಳಲ್ಲಿ ಒಗೆಯುವ ಯಂತ್ರದ ಮಾತು ಮಾತ್ರ ಇರುತ್ತದೆ, ನಮ್ಮಲ್ಲಿ ಒಗೆಯುವ ಕಲ್ಲಿದೆ, ಬ್ರಷ್ ಇದೆ. ಆದ್ದರಿಂದ ಪ್ರತಿ ಅಂಗಿಯ ಜೊತೆ ಕನ್ನಡದಲ್ಲಿ ಮುದ್ರಿಸಿದ ಒಂದು ಸಣ್ಣ ಚೀಟಿ ಇಡಿ: ಮೊದಲ 24 ಗಂಟೆ ಒಗೆಯಬೇಡಿ, ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಿರಿ, ಚಿತ್ರದ ಮೇಲೆ ಬ್ರಷ್ ಉಜ್ಜಬೇಡಿ, ಕಲ್ಲಿಗೆ ಬಡಿಯಬೇಡಿ, ಬ್ಲೀಚ್ ಹಾಕಬೇಡಿ, ಚಿತ್ರದ ಮೇಲೆ ನೇರವಾಗಿ ಇಸ್ತ್ರಿ ಇಡಬೇಡಿ. ಈ ಚೀಟಿಯಿಂದ ತಪ್ಪುವ ಜಗಳಗಳು ಬಹಳ.

## ಯಂತ್ರ, ಜಾಗ, ವಿದ್ಯುತ್ತು

ಕೈಯಲ್ಲಿ ಸ್ವಲ್ಪ ಹಣವಿದೆ. ಮೊದಲು ಪ್ರಿಂಟರ್ ಕೊಳ್ಳಲೇ, ಹೀಟ್ ಪ್ರೆಸ್ ಕೊಳ್ಳಲೇ?

ಹೀಟ್ ಪ್ರೆಸ್ ಕೊಳ್ಳಿ. ಪ್ರಿಂಟರ್ ಈಗ ಬೇಡ. ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವ ಬಿಡುವಿದ್ದರೆ ಇದನ್ನೇ ಓದಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ, ಏಕೆಂದರೆ ಮನೆಮುದ್ರಣವನ್ನು ಅರ್ಧಕ್ಕೆ ಬಿಟ್ಟವರಲ್ಲಿ ಹೆಚ್ಚಿನವರು ಗ್ರಾಹಕರು ಸಿಗದೆ ಬಿಟ್ಟವರಲ್ಲ, ಪ್ರಿಂಟರನ್ನು ಬದುಕಿಸಲಾಗದೆ ಬಿಟ್ಟವರು.

ಮುದ್ರಣವಾಗಿ, ಪೌಡರ್ ಹಾಕಿ ಕರಗಿಸಿದ ಫಿಲ್ಮನ್ನು ಮೀಟರ್ ಲೆಕ್ಕದಲ್ಲಿ ಮಾಡಿಕೊಡುವವರು ಬೆಂಗಳೂರು ಮತ್ತು ತಿರುಪ್ಪೂರಿನಲ್ಲಿ ಬೇಕಾದಷ್ಟು ಜನರಿದ್ದಾರೆ, ಬೇರೆ ನಗರಗಳಲ್ಲೂ ಸಿಗುತ್ತಾರೆ. ನೀವು ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿ ಕಡತ ಕಳುಹಿಸಿದರೆ ಫಿಲ್ಮಿನ ಸುರುಳಿ ಕೊರಿಯರಿನಲ್ಲಿ ಮನೆಗೆ ಬರುತ್ತದೆ. ಅವರ ಬಳಿ ಇರುವುದು ದಿನವಿಡೀ ಓಡುವ ದೊಡ್ಡ ಯಂತ್ರ, ಆದ್ದರಿಂದ ಬಿಳಿ ಶಾಯಿ ನಿಂತು ಗಟ್ಟಿಯಾಗುವ ಪ್ರಮೇಯವೇ ಕಡಿಮೆ. ಬಿಳಿ ಶಾಯಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಭಾರವಾದ ಕಣ, ಅಲುಗಾಟವಿಲ್ಲದಿದ್ದರೆ ತಳಕ್ಕೆ ಇಳಿದು ಕೊಳವೆಗಳನ್ನೂ, ಶಾಯಿ ಚಿಮ್ಮಿಸುವ ಭಾಗವಾದ ಪ್ರಿಂಟ್ ಹೆಡ್ಡನ್ನೂ ಕಟ್ಟಿಹಾಕುತ್ತದೆ. ವಾರಕ್ಕೆ ನಾಲ್ಕು ಅಂಗಿಯ ಕೆಲಸವಿರುವ ಮನೆಯಲ್ಲಿ ಪ್ರಿಂಟರ್ ಆರು ದಿನ ಸುಮ್ಮನೆ ನಿಲ್ಲುತ್ತದೆ, ನಿಂತ ಪ್ರತಿ ದಿನವೂ ಅದು ಕೆಡುವತ್ತ ಒಂದು ಹೆಜ್ಜೆ ಇಡುತ್ತದೆ. ಸಿದ್ಧ ಫಿಲ್ಮ್ ಹಾಗಲ್ಲ. ಬಿಸಿಲು ಮತ್ತು ತೇವ ತಗುಲದಂತೆ ಕವರಿನಲ್ಲಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಕಾಯುತ್ತದೆ.

ಒತ್ತುವ ಕೆಲಸವನ್ನು ಕಲಿಯಿರಿ, ಬಟ್ಟೆಗಳ ಗುಣ ಅರಿಯಿರಿ, ಗ್ರಾಹಕರನ್ನು ಸಂಪಾದಿಸಿ. ಹೊರಗೆ ಕೊಡುವ ಫಿಲ್ಮಿನ ಬಿಲ್ಲು ತಿಂಗಳ ನಂತರ ತಿಂಗಳು ಏರಿ, ಪ್ರತಿದಿನವೂ ಮುದ್ರಿಸುವಷ್ಟು ಕೆಲಸ ಇದೆ ಎಂದು ನಿಮ್ಮ ಲೆಕ್ಕದ ಪುಸ್ತಕವೇ ತೋರಿಸಿದಾಗ ಪ್ರಿಂಟರಿನ ಮಾತು ಎತ್ತಬಹುದು. ಯಂತ್ರ ಮಾರುವವರು ಇದಕ್ಕೆ ಒಪ್ಪಲಾರರು, ಆದರೂ ನಮ್ಮ ಮಾತು ಇದೇ.

ಹೀಟ್ ಪ್ರೆಸ್ ಯಾವುದು ತೆಗೆದುಕೊಳ್ಳಲಿ? ಇಸ್ತ್ರಿ ಪೆಟ್ಟಿಗೆಯಲ್ಲೇ ಆಗುವುದಿಲ್ಲವಾ?

ಇಸ್ತ್ರಿ ಪೆಟ್ಟಿಗೆ ಸಾಲದು. ಅದರ ತಳದ ಶಾಖ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ, ಕೈಯಿಂದ ಹಾಕುವ ಒತ್ತಡವೂ ಸಾಕಾಗುವುದಿಲ್ಲ, ಹಬೆಯ ರಂಧ್ರಗಳಿದ್ದಲ್ಲಿ ಅಂಟು ಹಿಡಿಯುವುದೇ ಇಲ್ಲ. ಮನೆಗೆ 15 ಇಂಚು ಉದ್ದಗಲದ, ಕೈಯಿಂದ ಮುಚ್ಚುವ ಯಂತ್ರ ಸಾಕು. ಮೇಲ್ತಟ್ಟೆ ಬಾಯಿ ತೆರೆದಂತೆ ಮೇಲೇಳುವ ಮಾದರಿ ಕಡಿಮೆ ಜಾಗ ಹಿಡಿಯುತ್ತದೆ, ಪಕ್ಕಕ್ಕೆ ತಿರುಗುವ ಮಾದರಿಯಲ್ಲಿ ಕೈ ಸುಡುವ ಅಪಾಯ ಕಡಿಮೆ ಮತ್ತು ದಪ್ಪ ಬಟ್ಟೆಗೂ ಒತ್ತಡ ಸಮನಾಗಿ ಬೀಳುತ್ತದೆ. ಜಾಗವಿದ್ದರೆ ಎರಡನೆಯದೇ ಇರಲಿ. ಕೊಳ್ಳುವ ಮುನ್ನ ತಟ್ಟೆಯ ನಾಲ್ಕು ಮೂಲೆ ಮತ್ತು ನಡುವಿನ ಉಷ್ಣತೆಯನ್ನು ಇನ್ಫ್ರಾರೆಡ್ ಮಾಪಕದಿಂದ ಅಳೆದು ನೋಡಿ. ಪರದೆಯ ಮೇಲೆ 160 ಎಂದು ತೋರಿಸುತ್ತ ಒಂದು ಮೂಲೆಯಲ್ಲಿ 140 ಮಾತ್ರ ಇರುವ ಯಂತ್ರಗಳು ಮಾರುಕಟ್ಟೆಯಲ್ಲಿವೆ.

ಮನೆಯ ಕರೆಂಟು ತಾಳುತ್ತದಾ?

ತಾಳುತ್ತದೆ, ಆದರೆ ಪ್ಲಗ್ ನೋಡಿಕೊಳ್ಳಬೇಕು. 1800 ವ್ಯಾಟಿನ ಪ್ರೆಸ್ 230 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ. 5 ಅಥವಾ 6 ಆಂಪಿಯರಿನ ಸಾಮಾನ್ಯ ಪ್ಲಗ್ಗಿಗೆ ಇದು ಮಿತಿಮೀರಿದ ಭಾರ, ವಿಸ್ತರಣೆ ಪಟ್ಟಿಗೆ ಸಿಕ್ಕಿಸುವುದಂತೂ ಬೆಂಕಿಗೆ ಆಹ್ವಾನ. ಗೀಸರಿಗೆ ಹಾಕುವಂಥ 15 ಅಥವಾ 16 ಆಂಪಿಯರಿನ ಪವರ್ ಪ್ಲಗ್ಗಿನಲ್ಲಿ, ಅರ್ಥಿಂಗ್ ಸರಿಯಿದೆಯೆಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಂಡ ಮೇಲೆ ಮಾತ್ರ ಬಳಸಿ. ಗೀಸರ್ ಮತ್ತು ಪ್ರೆಸ್ ಒಂದೇ ತಂತಿಯಲ್ಲಿದ್ದರೆ ಎರಡನ್ನೂ ಒಟ್ಟಿಗೆ ಹಚ್ಚಬೇಡಿ. ಸಾಧಾರಣ ಮನೆಯ ಇನ್ವರ್ಟರ್ ಈ ಭಾರವನ್ನು ಹೊರುವುದಿಲ್ಲ, ಆದ್ದರಿಂದ ಕರೆಂಟು ಹೋಗುವ ವೇಳೆ ಗೊತ್ತಿರುವ ಊರುಗಳಲ್ಲಿ ಒತ್ತುವ ಕೆಲಸವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು.

ಫೋಟೋ ಪ್ರಿಂಟರನ್ನೇ ಡಿಟಿಎಫ್ ಮಾಡಿಕೊಳ್ಳಬಹುದು ಎನ್ನುತ್ತಾರೆ, ನಿಜವೇ?

ನಿಜ. ಎಪ್ಸನ್ ಕಂಪನಿಯ ಎಲ್-805 ಮತ್ತು ಎಲ್-1800 ಎಂಬ ಆರು ಬಣ್ಣದ ಪ್ರಿಂಟರುಗಳನ್ನು ಹೀಗೆ ಮಾರ್ಪಡಿಸುವುದು ಬಹಳ ಕಾಲದಿಂದ ನಡೆದಿದೆ. ತಿಳಿ ನೀಲಿ ಮತ್ತು ತಿಳಿ ಗುಲಾಬಿ ಶಾಯಿಯ ಎರಡು ಜಾಗಗಳಿಗೆ ಬಿಳಿ ತುಂಬಲಾಗುತ್ತದೆ, ಉಳಿದ ನಾಲ್ಕಕ್ಕೆ ಡಿಟಿಎಫ್ ಪಿಗ್ಮೆಂಟ್ ಶಾಯಿ. ಎಪ್ಸನ್ ಯಂತ್ರಗಳೇ ಏಕೆಂದರೆ ಅವುಗಳ ಹೆಡ್ ಶಾಯಿಯನ್ನು ಕಾಯಿಸುವುದಿಲ್ಲ, ವಿದ್ಯುತ್ತಿಗೆ ಬಾಗುವ ಪೀಜೋ ಹರಳಿನ ಒತ್ತಡದಿಂದ ಹನಿಯನ್ನು ಹೊರದೂಡುತ್ತದೆ. ಕಾಯಿಸಿ ಹನಿ ಚಿಮ್ಮಿಸುವ ಬೇರೆ ಮಾದರಿಗಳಲ್ಲಿ ಅಂಟುಗುಣದ ಈ ಶಾಯಿ ಒಳಗೇ ಸುಟ್ಟು ಹಿಡಿದುಕೊಳ್ಳುತ್ತದೆ.

ಮಾರ್ಪಡಿಸಿದ ಕ್ಷಣದಿಂದ ಕಂಪನಿಯ ವಾರಂಟಿ ಇಲ್ಲ. ಸಾಮಾನ್ಯ ಡ್ರೈವರಿಗೆ ಬಿಳಿ ಬಣ್ಣವೆಂದರೇನೆಂದು ತಿಳಿಯದ ಕಾರಣ ರಿಪ್ ಎಂಬ ಪ್ರತ್ಯೇಕ ಸಾಫ್ಟ್‌ವೇರ್ ಕೊಳ್ಳಬೇಕು. ಹಸಿ ಶಾಯಿಯ ಮೇಲೆ ಗೆರೆ ಎಳೆಯುವ ಸಣ್ಣ ಹಲ್ಲಿನ ಚಕ್ರಗಳನ್ನು ತೆಗೆಸಬೇಕು. ಬಿಳಿ ಶಾಯಿಯನ್ನು ತಾನೇ ಸುತ್ತಾಡಿಸುವ ಏರ್ಪಾಡು ಇರುವುದಿಲ್ಲ. ಅಂಗಡಿಯವರು ಮಾರ್ಪಡಿಸಿಯೇ ಮಾರುವ ಯಂತ್ರವಾದರೆ, ಹೆಡ್ ಕೆಟ್ಟಾಗ ಬದಲಿ ಹೆಡ್ ಯಾರ ಬಳಿ, ಎಷ್ಟು ದಿನದಲ್ಲಿ, ಯಾವ ಬೆಲೆಗೆ ಸಿಗುತ್ತದೆ ಎಂಬುದನ್ನು ಬರೆಹದಲ್ಲಿ ಪಡೆಯಿರಿ. ಬಾಯಿಮಾತಿನ ‘ಸರ್ವಿಸ್ ಕೊಡ್ತೀವಿ’ ಸಾಲದು.

ಮಕ್ಕಳಿರುವ ಮನೆ. ಹೊಗೆ, ವಾಸನೆಯಿಂದ ತೊಂದರೆ ಇದೆಯಾ?

ಸಿದ್ಧ ಫಿಲ್ಮ್ ತಂದು ಒತ್ತುವವರಿಗೆ ಕಿಟಕಿ ತೆರೆದಿದ್ದರೆ ಸಾಕು. ಪೌಡರ್ ಹಾಕಿ ಕರಗಿಸುವವರು ಮಾತ್ರ ಇದನ್ನು ಹಗುರವಾಗಿ ಕಾಣಬಾರದು. ಪುಡಿಯ ಸಣ್ಣ ಕಣಗಳು ಗಾಳಿಯಲ್ಲಿ ತೇಲಿ ಶ್ವಾಸಕ್ಕೆ ಹೋಗುತ್ತವೆ, ಆದ್ದರಿಂದ ಪುಡಿ ಉದುರಿಸುವಾಗ ಎನ್95 ಮಾಸ್ಕ್ ಬೇಕೇಬೇಕು, ಆ ಹೊತ್ತಿನಲ್ಲಿ ಫ್ಯಾನ್ ಆರಿಸಿರಬೇಕು. ಕರಗಿಸುವಾಗ ಶಾಯಿಯಲ್ಲಿರುವ ಗ್ಲಿಸರಿನ್‌ನಂಥ ದ್ರವಗಳು ಹೊಗೆಯಾಗಿ ಏಳುತ್ತವೆ, ಇದಕ್ಕೆ ಹೊರಗೆ ತೆರೆಯುವ ಎಕ್ಸಾಸ್ಟ್ ಫ್ಯಾನ್ ಇರಬೇಕು. ಮಲಗುವ ಕೋಣೆಯಲ್ಲಾಗಲಿ ಅಡುಗೆಮನೆಯಲ್ಲಾಗಲಿ ಈ ಕೆಲಸ ಕೂಡದು. ಆಹಾರ ಬೇಯಿಸುವ ಓವನ್ನಿನಲ್ಲಿ ಒಮ್ಮೆಯೂ ಫಿಲ್ಮ್ ಇಡಬಾರದು, ಇಟ್ಟ ಮೇಲೆ ಆ ಓವನ್ ಮುದ್ರಣಕ್ಕೇ ಮೀಸಲಾಗಬೇಕು.

## ಕೆಲಸದ ಕ್ರಮ

ಕಂಪ್ಯೂಟರಿನಲ್ಲಿ ಕನ್ನಡ ಚೆನ್ನಾಗಿದೆ, ಫಿಲ್ಮಿನಲ್ಲಿ ಅಕ್ಷರ ಒಡೆದು ಬರುತ್ತದೆ. ಏಕೆ?

ಇದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ.

ಮೊದಲನೆಯದು ಕಡತದ್ದು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತವು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿನಲ್ಲಿ ಟೈಪು ಮಾಡಿದ್ದರೂ ಫೋಟೋಶಾಪಿನಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಪಠ್ಯ ವ್ಯವಸ್ಥೆಯನ್ನು ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಪರಿಹಾರ ಸುಲಭ: ಕೋರೆಲ್‌ಡ್ರಾ, ಇಂಕ್‌ಸ್ಕೇಪ್, ಯಾವುದರಲ್ಲೇ ಮಾಡಿದರೂ ಮುದ್ರಣಕ್ಕೆ ಕಳುಹಿಸುವ ಮುನ್ನ ಅಕ್ಷರಗಳನ್ನೆಲ್ಲ ಕರ್ವ್‌ಗಳಾಗಿ, ಅಂದರೆ ಫಾಂಟಿನ ಹಂಗಿಲ್ಲದ ಗೆರೆಗಳಾಗಿ ಬದಲಿಸಿ, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಕಡತವಾಗಿ, ನಿಜ ಅಳತೆಯಲ್ಲಿ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಉಳಿಸಿ. ಬದಲಿಸುವುದಕ್ಕಿಂತ ಮುಂಚಿನ ಮೂಲ ಕಡತವನ್ನು ಬೇರೆಯಾಗಿ ಇಟ್ಟುಕೊಳ್ಳಿ, ಇಲ್ಲವಾದರೆ ಒಂದು ಅಕ್ಷರ ತಿದ್ದಲು ಎಲ್ಲವನ್ನೂ ಮತ್ತೆ ಟೈಪು ಮಾಡಬೇಕಾಗುತ್ತದೆ.

ಎರಡನೆಯದು ಅಕ್ಷರದ ಆಕಾರದ್ದು, ಇದಕ್ಕೆ ಇಂಗ್ಲಿಷ್ ಪಾಠಗಳಲ್ಲಿ ಉತ್ತರ ಸಿಗುವುದಿಲ್ಲ. ಅರ್ಧ ಮಿಲಿಮೀಟರಿಗಿಂತ ತೆಳುವಾದ ಗೆರೆಯ ಮೇಲೆ ಪುಡಿ ಸಾಕಷ್ಟು ಕೂರುವುದಿಲ್ಲ, ಅಷ್ಟೇ ಸಣ್ಣ ಸಂದುಗಳು ಪುಡಿ ಕರಗಿದಾಗ ಮುಚ್ಚಿಹೋಗುತ್ತವೆ. ಕನ್ನಡದಲ್ಲಿ ಅರ್ಥ ನಿಂತಿರುವುದೇ ಇಂಥ ಸಣ್ಣ ಗುರುತುಗಳ ಮೇಲೆ. ‘ಧ’ದ ಕೆಳಗಿನ ಸೀಳು ಮುಚ್ಚಿದರೆ ಅದು ‘ದ’ ಆಗುತ್ತದೆ, ‘ಠ’ದ ಒಳಚುಕ್ಕೆ ಅಂಟದೆ ಫಿಲ್ಮಿನಲ್ಲೇ ಉಳಿದರೆ ಅದು ‘ರ’ ಆಗುತ್ತದೆ. ಎದೆಯ ಮೇಲಿನ ಸಣ್ಣ ಲಾಂಛನದಲ್ಲಿ ಸಂಘದ ಹೆಸರು ಪೂರ್ತಿ ಬೇಕೆಂದು ಗ್ರಾಹಕರು ಹಟ ಹಿಡಿದಾಗ ಒತ್ತಕ್ಷರಗಳೂ ದೀರ್ಘಗಳೂ ಒಂದಕ್ಕೊಂದು ಅಂಟಿ ಓದಲಾಗದ ಗಂಟಾಗುತ್ತವೆ. ಸಮ ದಪ್ಪದ, ಒಳಸಂದು ಅಗಲವಾಗಿರುವ ಫಾಂಟ್ ಆರಿಸಿ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿ, ಅಗತ್ಯಬಿದ್ದರೆ ಗೆರೆಗೆ ಅದೇ ಬಣ್ಣದ ತೆಳು ಅಂಚು ಕೊಟ್ಟು ದಪ್ಪ ಮಾಡಿ. ಗ್ರಾಹಕರಿಗೆ ಒಪ್ಪಿಗೆಗೆ ಕಳುಹಿಸುವ ಚಿತ್ರವನ್ನು ಪರದೆಯ ತುಂಬ ಹಿಗ್ಗಿಸಿ ತೋರಿಸದೆ, ನಿಜ ಅಳತೆಯಲ್ಲಿ ಕಾಗದದ ಮೇಲೆ ತೆಗೆದು ಅಂಗಿಯ ಮೇಲಿಟ್ಟು ತೋರಿಸಿ. ಕಾಗುಣಿತವನ್ನು ಇನ್ನೊಬ್ಬರ ಕಣ್ಣಿನಿಂದ ಓದಿಸಿದ ಮೇಲೆಯೇ ಫಿಲ್ಮಿಗೆ ಕಳುಹಿಸಿ.

ಪೌಡರ್ ಎಷ್ಟು ಬೇಯಬೇಕು? ಹದ ಹೇಗೆ ಗೊತ್ತಾಗುತ್ತದೆ?

ಮುದ್ರಿಸಿದ ಹಾಳೆಯನ್ನು ಓವನ್ನಿನಲ್ಲಿ ಇಡುವುದಾದರೆ ಸುಮಾರು 110ರಿಂದ 120 ಡಿಗ್ರಿ ಸೆಲ್ಸಿಯಸ್, ಎರಡು ಮೂರು ನಿಮಿಷ. ಹೀಟ್ ಪ್ರೆಸ್ಸಿನಲ್ಲೇ ಮಾಡುವುದಾದರೆ ಮೇಲ್ತಟ್ಟೆ ಫಿಲ್ಮಿಗೆ ತಗುಲದಂತೆ ಒಂದೆರಡು ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲಿಸಿ ಕಾಯಿಸಬೇಕು. ಗಡಿಯಾರಕ್ಕಿಂತ ಕಣ್ಣನ್ನು ನಂಬುವುದು ಮೇಲು. ಸಕ್ಕರೆಯಂತೆ ಬಿಡಿ ಕಣಗಳು ಕಾಣುತ್ತಿದ್ದರೆ ಇನ್ನೂ ಹಸಿ. ಕಣಗಳೆಲ್ಲ ಒಂದಾಗಿ, ಸಣ್ಣ ಉಬ್ಬುತಗ್ಗಿನ ಹೊಳೆಯುವ ಪದರವಾದರೆ ಹದ ಬಂದಿದೆ. ಪೂರ್ತಿ ಚಪ್ಪಟೆಯಾಗಿ ಕಂದು ತಿರುಗಿದರೆ ಹೆಚ್ಚಾಯಿತು. ಹಸಿಯಾಗಿ ತೆಗೆದ ಹಾಳೆ ಬಟ್ಟೆಗೆ ಅಂಟಿದಂತೆ ತೋರಿದರೂ ಒಗೆತದಲ್ಲಿ ಏಳುತ್ತದೆ, ಶಾಯಿಯ ದ್ರವ ಆರದೆ ಉಳಿದಿದ್ದರೆ ಕೆಲವು ದಿನಗಳ ನಂತರ ಎಣ್ಣೆಯಂತೆ ಹೊರಗೆ ಜಿನುಗುತ್ತದೆ.

ಪುಡಿಯಲ್ಲಿ ನುಣುಪು, ಮಧ್ಯಮ, ದಪ್ಪ ಎಂಬ ಬಗೆಗಳಿವೆ. ನುಣುಪಾದದ್ದು ಸಣ್ಣ ಅಕ್ಷರಗಳಿಗೂ ಮೃದುವಾದ ಸ್ಪರ್ಶಕ್ಕೂ ಒಳ್ಳೆಯದು, ದಪ್ಪನೆಯದು ಡೆನಿಮ್ ಮತ್ತು ಕ್ಯಾನ್ವಾಸಿಗೆ. ಆರಂಭಿಸುವವರಿಗೆ ಮಧ್ಯಮ ಒಂದೇ ಸಾಕು.

ಒತ್ತಿದ ಮೇಲೆ ಫಿಲ್ಮ್ ಬಿಸಿಯಲ್ಲೇ ಎಳೆಯಬೇಕಾ, ತಣ್ಣಗಾದ ಮೇಲಾ?

ಅದು ಫಿಲ್ಮಿನ ಜಾತಿಯ ಮೇಲೆ ಹೋಗುತ್ತದೆ. ಬಿಸಿಯಲ್ಲಿ ಸುಲಿಯುವ ಫಿಲ್ಮನ್ನು ತಣಿಯಲು ಬಿಟ್ಟರೂ, ತಣ್ಣಗಾದ ಮೇಲೆ ಸುಲಿಯುವುದನ್ನು ಬಿಸಿಯಲ್ಲಿ ಎಳೆದರೂ ಚಿತ್ರ ಹರಿಯುತ್ತದೆ, ಆದ್ದರಿಂದ ಕೊಳ್ಳುವಾಗಲೇ ಕೇಳಿ ಸುರುಳಿಯ ಮೇಲೆ ಬರೆದಿಟ್ಟುಕೊಳ್ಳಿ. ಹತ್ತಿ ಅಂಗಿಯನ್ನು ಮೊದಲು ಐದಾರು ಸೆಕೆಂಡು ಬರಿದೇ ಒತ್ತಿ ತೇವ ಮತ್ತು ಸುಕ್ಕು ತೆಗೆಯಬೇಕು. ಆಮೇಲೆ ಫಿಲ್ಮ್ ಇಟ್ಟು 150ರಿಂದ 165 ಡಿಗ್ರಿಯಲ್ಲಿ 10ರಿಂದ 15 ಸೆಕೆಂಡು ಒತ್ತಿ, ಫಿಲ್ಮ್ ಸುಲಿದು, ಚಿತ್ರದ ಮೇಲೆ ಬೆಣ್ಣೆ ಕಾಗದ ಅಥವಾ ಟೆಫ್ಲಾನ್ ಹಾಳೆ ಹಾಸಿ ಮತ್ತೆ ಐದರಿಂದ ಹತ್ತು ಸೆಕೆಂಡು ಒತ್ತಬೇಕು. ಈ ಎರಡನೆಯ ಒತ್ತನ್ನು ಅವಸರದಲ್ಲಿ ಬಿಡುವವರು ಬಹಳ ಮಂದಿ, ಆದರೆ ಅಂಟು ನೂಲಿನೊಳಗೆ ಕೊನೆಯದಾಗಿ ಇಳಿಯುವುದೂ ಪ್ಲಾಸ್ಟಿಕ್ಕಿನ ಹೊಳಪು ತಗ್ಗುವುದೂ ಅದರಿಂದಲೇ. ಗುಂಡಿ, ಜಿಪ್ಪು, ದಪ್ಪ ಹೊಲಿಗೆ ಇರುವಲ್ಲಿ ಅಂಗಿಯೊಳಗೆ ಶಾಖ ತಡೆಯುವ ಪುಟ್ಟ ದಿಂಬು ಇಟ್ಟು ಮುದ್ರಣದ ಭಾಗವನ್ನು ಮೇಲೆತ್ತಬೇಕು.

## ವ್ಯಾಪಾರ

ಒಂದು ಅಂಗಿಗೆ ಎಷ್ಟು ದರ ಹೇಳಲಿ?

ಪಕ್ಕದವರ ದರ ನೋಡಿ ಹತ್ತು ರೂಪಾಯಿ ಇಳಿಸುವುದರಿಂದ ಲೆಕ್ಕ ಆರಂಭಿಸಬೇಡಿ. ಮೊದಲು ಫಿಲ್ಮಿನ ಪಾಲು ತಿಳಿಯಬೇಕು. 60 ಸೆಂಟಿಮೀಟರ್ ಅಗಲದ ಸುರುಳಿಯಲ್ಲಿ ಮುದ್ರಣಕ್ಕೆ ಸುಮಾರು 58 ಸೆಂಟಿಮೀಟರ್ ಸಿಗುತ್ತದೆ ಎಂದುಕೊಳ್ಳೋಣ. 9 ಸೆಂಟಿಮೀಟರಿನ ಎದೆ ಲಾಂಛನಗಳನ್ನು ಅರ್ಧ ಸೆಂಟಿಮೀಟರ್ ಅಂತರದಲ್ಲಿ ಜೋಡಿಸಿದರೆ ಅಡ್ಡಕ್ಕೆ 6, ಒಂದು ಮೀಟರ್ ಉದ್ದಕ್ಕೆ 10, ಒಟ್ಟು 60 ಹಿಡಿಯುತ್ತವೆ. 28 ಸೆಂಟಿಮೀಟರ್ ಅಗಲ, 32 ಸೆಂಟಿಮೀಟರ್ ಎತ್ತರದ ಬೆನ್ನಿನ ಚಿತ್ರಗಳಾದರೆ ಅದೇ ಮೀಟರಿನಲ್ಲಿ 6 ಮಾತ್ರ. ಅಂದರೆ ಬೆನ್ನಿನ ಚಿತ್ರದ ಫಿಲ್ಮಿನ ಪಾಲು ಲಾಂಛನದ ಹತ್ತುಪಟ್ಟು, ಎರಡಕ್ಕೂ ಒಂದೇ ದರ ಹೇಳುವವರು ನಷ್ಟ ಎಲ್ಲಿಂದ ಬಂತೆಂದು ಹುಡುಕುತ್ತಲೇ ಇರುತ್ತಾರೆ.

ಇದಕ್ಕೆ ಅಂಗಿಯ ಬೆಲೆ, ಕೊರಿಯರ್, ಕವರು, ವಿದ್ಯುತ್ತು, ಕೆಟ್ಟುಹೋಗುವ ಅಂಗಿಗಳ ಪಾಲು ಸೇರಿಸಿ. 1800 ವ್ಯಾಟಿನ ಪ್ರೆಸ್ ನಾಲ್ಕು ಗಂಟೆ ನಿರಂತರ ಉರಿದರೂ 7.2 ಯೂನಿಟ್ ಮೀರುವುದಿಲ್ಲ, ಬಿಸಿಯಾದ ಮೇಲೆ ಅದು ಬಿಟ್ಟು ಬಿಟ್ಟು ಎಳೆಯುವುದರಿಂದ ನಿಜವಾದ ಬಳಕೆ ಇನ್ನೂ ಕಡಿಮೆ. ಕೊನೆಯದಾಗಿ ನಿಮ್ಮ ಕೂಲಿಯನ್ನು ಸೇರಿಸಿ. ಚಿತ್ರ ತಿದ್ದಿದ ಸಮಯ, ಗ್ರಾಹಕರೊಡನೆ ಸಂದೇಶದಲ್ಲಿ ಕಳೆದ ಸಮಯ, ಮಡಿಸಿ ಕಟ್ಟಿದ ಸಮಯ ಎಲ್ಲವೂ ಕೆಲಸವೇ. ಮನೆಯಲ್ಲಿ ಮಾಡುವ ಹೆಣ್ಣುಮಕ್ಕಳು ತಮ್ಮ ಶ್ರಮವನ್ನು ಲೆಕ್ಕಕ್ಕೇ ಹಿಡಿಯದೆ ದರ ಹೇಳುವುದನ್ನು ಕಂಡಾಗ ಬಹಳ ನೋವಾಗುತ್ತದೆ.

ಖಾಲಿ ಟೀಶರ್ಟ್ ಎಲ್ಲಿಂದ ತರುವುದು, ಎಂಥದ್ದು?

ಹೆಣೆದ ಹತ್ತಿ ಅಂಗಿಗಳಿಗೆ ತಿರುಪ್ಪೂರು ದೇಶದ ದೊಡ್ಡ ಕೇಂದ್ರ, ಬೆಂಗಳೂರಿನ ಸಗಟು ಅಂಗಡಿಗಳಲ್ಲೂ ಅಲ್ಲಿಯ ಸರಕು ಸಿಗುತ್ತದೆ. ಮುದ್ರಣಕ್ಕೆ 180 ಜಿಎಸ್‌ಎಂ (ಚದರ ಮೀಟರಿಗೆ 180 ಗ್ರಾಂ) ತೂಕದ, ಬಯೋವಾಶ್ ಆದ, ಅಂದರೆ ಕಿಣ್ವದಿಂದ ತೊಳೆದು ಜುಂಗು ತೆಗೆದ ಹತ್ತಿ ಅಂಗಿ ಒಳ್ಳೆಯ ಆರಂಭ. ನೂಲಿನ ಜುಂಗು ಎದ್ದಿರುವ ಬಟ್ಟೆಯಲ್ಲಿ ಅಂಟು ಜುಂಗನ್ನು ಹಿಡಿಯುತ್ತದೆ, ಬಟ್ಟೆಯನ್ನಲ್ಲ. ಯಾವ ಸರಕಾದರೂ ಒಂದು ಅಂಗಿ ತಂದು, ಒತ್ತಿ, ಹಲವು ಸಲ ಒಗೆದು ನೋಡಿದ ಮೇಲೆ ಡಜನ್ ಲೆಕ್ಕದಲ್ಲಿ ತರಿಸಿ.

ರಾಜ್ಯೋತ್ಸವಕ್ಕೆ ನಟರ ಚಿತ್ರ, ಕವಿಗಳ ಸಾಲು, ಗಂಡಭೇರುಂಡ ಕೇಳುತ್ತಾರೆ. ಹಾಕಿಕೊಡಬಹುದಾ?

ನವೆಂಬರ್ 1ರ ಮುಂಚಿನ ವಾರಗಳು ಈ ಕಸುಬಿಗೆ ಸುಗ್ಗಿ, ತಪ್ಪುಗಳೂ ಆಗಲೇ ಹೆಚ್ಚು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಹಿತ್ಯ ಕೃತಿಯ ಹಕ್ಕು ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಕುವೆಂಪು ಅವರು 1994ರಲ್ಲಿ. ಹಾಗಾಗಿ ಅವರ ಕವಿತೆಗಳ ಹಕ್ಕು ಕ್ರಮವಾಗಿ 2041 ಮತ್ತು 2054ರ ಕೊನೆಯವರೆಗೆ ಉಳಿಯುತ್ತದೆ. ಮಾರಾಟದ ಅಂಗಿಯ ಮೇಲೆ ಅವರ ಸಾಲು ಹಾಕಲು ಹಕ್ಕುದಾರರ ಒಪ್ಪಿಗೆ ಪಡೆಯಬೇಕು. ಬಸವಣ್ಣ, ಅಕ್ಕಮಹಾದೇವಿಯರ ವಚನಗಳಿಗೂ ಪುರಂದರದಾಸರ ಕೀರ್ತನೆಗಳಿಗೂ ಈ ತಡೆ ಇಲ್ಲ, ಅವು ನಮ್ಮೆಲ್ಲರ ಸೊತ್ತು. ಆದರೆ ಅವರನ್ನು ಈಚಿನ ಕಲಾವಿದರೊಬ್ಬರು ಬರೆದ ಚಿತ್ರಕ್ಕೆ ಆ ಕಲಾವಿದರ ಹಕ್ಕು ಇರುತ್ತದೆ.

ನಟರ ಭಾವಚಿತ್ರ, ಸಿನಿಮಾ ಶೀರ್ಷಿಕೆಯ ವಿನ್ಯಾಸ, ಕ್ರಿಕೆಟ್ ತಂಡಗಳ ಲಾಂಛನ ಇವನ್ನು ಅನುಮತಿ ಇಲ್ಲದೆ ಮಾರುವುದು ಬೇಡ. ಗಂಡಭೇರುಂಡ ಹಳೆಯ ಶಿಲ್ಪಗಳಲ್ಲಿರುವ ರೂಪ, ಅದನ್ನು ನಿಮ್ಮದೇ ರೇಖೆಯಲ್ಲಿ ಬರೆಯಬಹುದು. ಸರ್ಕಾರದ ಅಧಿಕೃತ ಲಾಂಛನವನ್ನು ವ್ಯಾಪಾರಕ್ಕೆ ಬಳಸುವುದಕ್ಕೆ 1950ರ ಲಾಂಛನ ಮತ್ತು ಹೆಸರುಗಳ ಅನುಚಿತ ಬಳಕೆ ತಡೆ ಕಾಯಿದೆಯಲ್ಲಿ ನಿಷೇಧವಿದೆ.

ಜಿಎಸ್‌ಟಿ ಮಾಡಿಸಲೇಬೇಕಾ?

ಕರ್ನಾಟಕದಲ್ಲಿ ಸರಕನ್ನು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಒದಗಿಸುವವರದು 20 ಲಕ್ಷ ಮೀರಿದರೆ ನೋಂದಣಿ ಕಡ್ಡಾಯ. ಗ್ರಾಹಕರೇ ತಂದ ಅಂಗಿಗೆ ಮುದ್ರಿಸಿಕೊಡುವುದು ಸೇವೆ ಎಂದೇ ಎಣಿಕೆಯಾಗುತ್ತದೆ. ಅಂಗಿಗಳನ್ನು ಹೊರರಾಜ್ಯಕ್ಕೆ ಮಾರುವವರಿಗೆ ಈ ಮಿತಿಯ ರಿಯಾಯಿತಿ ಸಿಗುವುದಿಲ್ಲ. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ ಉಚಿತ, ಅದಕ್ಕೆ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ.

## ಪ್ರಿಂಟರ್ ಕೊಂಡ ಮೇಲಿನ ಪ್ರಶ್ನೆಗಳು

ವೈಟ್ ಇಂಕ್ ಕಟ್ಟಿಕೊಳ್ಳುತ್ತಲೇ ಇರುತ್ತದೆ. ವಾರ ಊರಿಗೆ ಹೋಗಬೇಕಾದರೆ ಏನು ಮಾಡಲಿ?

ಪ್ರತಿದಿನ ಬೆಳಿಗ್ಗೆ ಬಿಳಿ ಶಾಯಿಯ ಟ್ಯಾಂಕನ್ನು ಮೆಲ್ಲಗೆ ಕದಡಿ, ನಾಝಲ್ (ಶಾಯಿ ಹೊರಬೀಳುವ ಸಣ್ಣ ರಂಧ್ರ) ಪರೀಕ್ಷೆಯ ಗೆರೆಗಳನ್ನು ತೆಗೆದು ನೋಡಿ, ಎಲ್ಲ ಬಣ್ಣವೂ ಹರಿಯುವಂಥ ಒಂದು ಸಣ್ಣ ಚಿತ್ರ ಮುದ್ರಿಸಬೇಕು. ಕೆಲಸವಿಲ್ಲದ ದಿನವೂ ಇದು ತಪ್ಪಬಾರದು. ಗೆರೆ ತಪ್ಪಿದೊಡನೆ ಹೆಡ್ ಕ್ಲೀನಿಂಗನ್ನು ಹತ್ತು ಸಲ ಒತ್ತುವುದು ಸರಿಯಲ್ಲ, ಒಂದೆರಡು ಸಲ ಮಾಡಿ ಕೆಲಹೊತ್ತು ಬಿಟ್ಟು ನೋಡಿ. ಒಂದೇ ಜಾಗದಲ್ಲಿ ಗೆರೆ ತಪ್ಪುತ್ತಿದ್ದರೆ ಹೆಡ್ ಕಟ್ಟಿದೆ ಎಂದೂ, ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ತಪ್ಪುತ್ತಿದ್ದರೆ ಕೊಳವೆಗೆ ಗಾಳಿ ಸೇರಿದೆ ಅಥವಾ ಹೆಡ್ಡಿಗೆ ಶಾಯಿಯನ್ನು ಸೋಸಿ ಒದಗಿಸುವ ಡ್ಯಾಂಪರ್ ಹಳತಾಗಿದೆ ಎಂದೂ ಅನುಮಾನಿಸಬೇಕು.

ಎರಡು ಮೂರು ದಿನದ ಗೈರುಹಾಜರಿಗೆ ಹೆಡ್ ನಿಲ್ಲುವ ಕ್ಯಾಪಿಂಗ್ ಸ್ಟೇಷನ್ನನ್ನು ಸ್ವಚ್ಛಮಾಡಿ, ಶಾಯಿ ತಯಾರಕರದೇ ಶುದ್ಧಿದ್ರವದಿಂದ ಒದ್ದೆಯಾಗಿಟ್ಟರೆ ಸಾಕು. ವಾರ ದಾಟುವುದಾದರೆ ಬಿಳಿಯ ಕೊಳವೆಗಳನ್ನು ಪೂರ್ತಿ ಬರಿದುಮಾಡಿ ಶುದ್ಧಿದ್ರವ ತುಂಬಿಸಿ ಹೋಗಬೇಕು, ಇಲ್ಲವೇ ದಿನವೂ ಹತ್ತು ನಿಮಿಷ ಯಂತ್ರ ನೋಡಿಕೊಳ್ಳುವವರು ಮನೆಯಲ್ಲಿರಬೇಕು. ತ್ಯಾಜ್ಯ ಶಾಯಿಯನ್ನು ಬಚ್ಚಲಿಗೆ ಸುರಿಯದೆ ಡಬ್ಬಿಯಲ್ಲಿ ಸಂಗ್ರಹಿಸಿಡಿ.

ಮಳೆಗಾಲ ಶುರುವಾದರೆ ಪ್ರಿಂಟ್ ಹಾಳಾಗುತ್ತದೆ, ಬೇಸಿಗೆಯಲ್ಲಿ ಇನ್ನೊಂದು ತರಹ. ಏನು ಕಾರಣ?

ಗಾಳಿಯ ತೇವಾಂಶ ಶೇಕಡಾ 40ರಿಂದ 60ರ ನಡುವೆ ಇರುವಂತೆ ಎಣಿಸಿ ಈ ಸಾಮಗ್ರಿಗಳನ್ನು ತಯಾರಿಸುತ್ತಾರೆ. ಮಂಗಳೂರು, ಉಡುಪಿ, ಕಾರವಾರ ಮತ್ತು ಮಲೆನಾಡಿನ ಮಳೆ ತಿಂಗಳುಗಳಲ್ಲಿ ತೇವಾಂಶ ಇದನ್ನು ಬಹಳ ಮೀರುತ್ತದೆ. ಫಿಲ್ಮಿನ ಲೇಪನ ತೇವ ಹೀರಿ ಶಾಯಿ ಹನಿಹನಿಯಾಗಿ ಒಡೆಯುತ್ತದೆ, ಪುಡಿ ಗಂಟುಕಟ್ಟಿ ಮುದ್ರಣವಿಲ್ಲದ ಜಾಗಕ್ಕೂ ಅಂಟಿ ಚಿತ್ರದ ಸುತ್ತ ಮರಳಿನಂಥ ಅಂಚು ಉಳಿಯುತ್ತದೆ. ಫಿಲ್ಮ್ ಮತ್ತು ಪುಡಿಯನ್ನು ಸಿಲಿಕಾ ಜೆಲ್ ಚೀಲಗಳೊಂದಿಗೆ ಗಾಳಿಯಾಡದ ಡಬ್ಬಿಗಳಲ್ಲಿಡಿ, ಆ ದಿನಕ್ಕೆ ಬೇಕಾದಷ್ಟನ್ನೇ ಹೊರತೆಗೆಯಿರಿ, ಕೋಣೆಗೊಂದು ತೇವಾಂಶಮಾಪಕ ತೂಗುಹಾಕಿ. ಕರಾವಳಿಯಲ್ಲಿ ತೇವ ತೆಗೆಯುವ ಯಂತ್ರವಿಲ್ಲದೆ ಆಷಾಢ ದಾಟುವುದು ಕಷ್ಟ, ಅದರ ಬೆಲೆಯನ್ನೂ ಪ್ರಿಂಟರಿನ ಬೆಲೆಯೊಂದಿಗೇ ಎಣಿಸಬೇಕು.

ಕಲಬುರಗಿ, ರಾಯಚೂರಿನ ಏಪ್ರಿಲ್ ಮೇ ತಿಂಗಳಲ್ಲಿ ತೊಂದರೆ ತಿರುಗುಮುರುಗು. ಒಣಗಾಳಿಗೆ ನಾಝಲ್ ತುದಿಯ ಶಾಯಿ ಆರುತ್ತದೆ, ಫಿಲ್ಮಿನಲ್ಲಿ ಸ್ಥಿರವಿದ್ಯುತ್ತು ಹುಟ್ಟಿ ಪುಡಿ ಎಲ್ಲೆಂದರಲ್ಲಿ ಹಾರಿ ಕೂರುತ್ತದೆ. ಅಲ್ಲಿ ತೇವಾಂಶ ಹೆಚ್ಚಿಸುವ ಯಂತ್ರ ಬೇಕು, ಏರ್ ಕೂಲರಿನ ಗಾಳಿ ನೇರವಾಗಿ ಪ್ರಿಂಟರಿಗೆ ಬೀಸಬಾರದು.

ಕೆಂಪು ಜೆರ್ಸಿಗೆ ಬಿಳಿ ಹೆಸರು ಹಾಕಿದೆ, ಎರಡು ದಿನದಲ್ಲಿ ಗುಲಾಬಿ ಆಯಿತು. ಇಂಕ್ ಕಳಪೆಯಾ?

ಶಾಯಿಯ ದೋಷವಲ್ಲ. ಪಾಲಿಯೆಸ್ಟರಿಗೆ ಹಾಕುವ ಬಣ್ಣವು ಶಾಖಕ್ಕೆ ಆವಿಯಾಗಿ ನೂಲಿನಿಂದ ಹೊರಟು ಮೇಲಿನ ಬಿಳಿ ಪದರಕ್ಕೆ ಸೇರಿಕೊಳ್ಳುತ್ತದೆ. ಒತ್ತಿದ ಕೂಡಲೇ ಕಾಣದೆ, ಗಂಟೆಗಳೋ ದಿನಗಳೋ ಕಳೆದ ಮೇಲೆ ಕಾಣುವುದರಿಂದ ಸರಕು ಕೈಬಿಟ್ಟ ಮೇಲೆ ದೂರು ಬರುತ್ತದೆ. ಕಬಡ್ಡಿ, ಕ್ರಿಕೆಟ್ ಜೆರ್ಸಿಗಳಲ್ಲೂ, ಹಳದಿ ಕೆಂಪಿನ ಪಾಲಿಯೆಸ್ಟರ್ ಕನ್ನಡ ಶಾಲುಗಳಲ್ಲೂ ಇದು ಸಾಮಾನ್ಯ. ಕೆಂಪು, ಮರೂನ್ ಮತ್ತು ಕಡುನೀಲಿಗಳಲ್ಲಿ ಹೆಚ್ಚು. 120ರಿಂದ 140 ಡಿಗ್ರಿಯಲ್ಲೇ ಒತ್ತಬಹುದಾದ, ಕಡಿಮೆ ಶಾಖಕ್ಕೆ ಕರಗುವ ಪುಡಿ ಬಳಸಿ, ಒತ್ತುವ ಸಮಯ ಕಡಿಮೆ ಮಾಡಿ, ಒತ್ತಿದ ಅಂಗಿಗಳನ್ನು ಬಿಸಿಯಿರುವಾಗ ಒಂದರ ಮೇಲೊಂದು ಪೇರಿಸದೆ ಹರಡಿ ಆರಿಸಿ. ಅದಕ್ಕೂ ಬಗ್ಗದ ಬಟ್ಟೆಗೆ ಬಣ್ಣ ತಡೆಯುವ ಕಪ್ಪು ಪುಡಿ ಸಿಗುತ್ತದೆ. ಹೊಸ ಬಗೆಯ ಜೆರ್ಸಿ ಬಂದಾಗ ಒಂದಕ್ಕೆ ಒತ್ತಿ ಎರಡು ದಿನ ಇಟ್ಟು ನೋಡುವಷ್ಟು ವಾಯಿದೆಯನ್ನು ತಂಡದವರಿಂದ ಮೊದಲೇ ಕೇಳಿ ಪಡೆಯಿರಿ.

ದೊಡ್ಡ ಚಿತ್ರ ಹಾಕಿದರೆ ಎದೆಯ ಮೇಲೆ ಪ್ಲಾಸ್ಟಿಕ್ ಹಲಗೆ ಕಟ್ಟಿದ ಹಾಗಿರುತ್ತದೆ, ಗಾಳಿಯೇ ಆಡುವುದಿಲ್ಲ. ಇದಕ್ಕೆ ಉಪಾಯವಿದೆಯಾ?

ಉಪಾಯವಿರುವುದು ವಿನ್ಯಾಸದಲ್ಲಿ. ಕಪ್ಪು ಅಂಗಿಗೆ ಹಾಕುವ ಚಿತ್ರದಲ್ಲಿರುವ ಕಪ್ಪನ್ನೆಲ್ಲ ಅಳಿಸಿ ಪಾರದರ್ಶಕ ಮಾಡಿದರೆ ಬಟ್ಟೆಯೇ ಆ ಕಪ್ಪಾಗುತ್ತದೆ, ಶಾಯಿಯ ಹೊರೆ ಬಹಳ ಇಳಿಯುತ್ತದೆ. ನೆರಳು ಮತ್ತು ಮಂಜಿನಂಥ ಭಾಗಗಳನ್ನು ಅರೆಪಾರದರ್ಶಕವಾಗಿ ಬಿಡದೆ ಸಣ್ಣ ಚುಕ್ಕೆಗಳ ಹಾಫ್‌ಟೋನಾಗಿ ಬದಲಿಸಬೇಕು. ಚುಕ್ಕೆಗಳ ನಡುವೆ ಬಟ್ಟೆ ಉಸಿರಾಡುತ್ತದೆ, ಅರೆಪಾರದರ್ಶಕ ಅಂಚಿನಡಿ ಬಿಳಿ ಇಣುಕುವ ದೋಷವೂ ತಪ್ಪುತ್ತದೆ. ಚುಕ್ಕೆ ತೀರ ಸಣ್ಣದಾದರೆ ಪುಡಿ ಹಿಡಿಯದೆ ಉದುರುತ್ತದೆ, ಆದ್ದರಿಂದ ಇಂಚಿಗೆ 25ರಿಂದ 35 ಸಾಲಿನಷ್ಟು ಒರಟು ಹಾಫ್‌ಟೋನಿನಿಂದ ಆರಂಭಿಸಿ ನಿಮ್ಮ ಪುಡಿಗೆ ಹೊಂದುವ ಅಳತೆಯನ್ನು ಕಂಡುಕೊಳ್ಳಿ. ಬಿಳಿ ಪದರವನ್ನು ಬಣ್ಣಕ್ಕಿಂತ ಎರಡು ಮೂರು ಪಿಕ್ಸೆಲ್ ಒಳಕ್ಕೆ ಎಳೆದುಕೊಳ್ಳುವಂತೆ ರಿಪ್‌ನಲ್ಲಿ ಹೊಂದಿಸಿ, ತಿಳಿ ಬಣ್ಣದ ಅಂಗಿಗಳಿಗೆ ಬಿಳಿಯ ಪ್ರಮಾಣವನ್ನೂ ಇಳಿಸಿ. ಫೋಟೋವನ್ನು ಚೌಕಾಕಾರದಲ್ಲಿ ಹಾಗೆಯೇ ಹಾಕಿಕೊಡಿ ಎಂದು ಗ್ರಾಹಕರು ಕೇಳಿದಾಗ ಹಿನ್ನೆಲೆ ತೆಗೆದ ಮಾದರಿಯೊಂದನ್ನೂ ಒತ್ತಿ ಎರಡನ್ನೂ ಅವರ ಕೈಗೆ ಕೊಟ್ಟು ಮುಟ್ಟಿ ನೋಡಲು ಹೇಳಿ.